ಕಮ್ರೊ ಅಂದ್ರೆ ನಮ್ಮ ಸೀಮೆಯವನು: ವೇಲ್ಸ್‌ನ ಒಂದು ಪುಕ್ಕಟೆ ನಿಘಂಟು

ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ಗೆ ಬಂದ ಹೊಸತರಲ್ಲಿ ಪಕ್ಕದ ಮನೆ ಅಜ್ಜಿಗೆ ಖುಷಿಯಾಗಲಿ ಅಂತ ‘ನೀವು ಕಮ್ರೊ ಅಲ್ವಾ’ ಅಂದುಬಿಟ್ಟೆ. ಅಜ್ಜಿ ಜೋರಾಗಿ ನಕ್ಕರು. ಕಮ್ರೊ ಗಂಡಸಂತೆ, ಹೆಂಗಸು ಕಮ್ರೈಸ್. ನನ್ನ ಹತ್ತಿರ ಇದ್ದ ಜೇಬಿನ ನಿಘಂಟು ‘ವೆಲ್ಷ್‌ನವನು’ ಅಂತ ಒಂದೇ ಮಾತಲ್ಲಿ ಮುಗಿಸಿತ್ತು. ಅದಕ್ಕೆ ಕೊಟ್ಟ ದುಡ್ಡು ದಂಡ.

ಆಮೇಲೆ ಸಿಕ್ಕಿದ್ದು ವೇಲ್ಸ್ ವಿಶ್ವವಿದ್ಯಾಲಯದ ನಿಘಂಟು, ಅವರ ಬಾಯಲ್ಲಿ ‘ಗೇರ್ಯಾದಿರ್ ಪ್ರಿವಸ್ಗೊಲ್ ಕಮ್ರಿ’. 1921ರಲ್ಲಿ ಕೆಲಸ ಶುರುವಾಗಿ, 1950ರಿಂದ ಕಂತು ಕಂತಾಗಿ ಅಚ್ಚಾಗಿ, 2002ಕ್ಕೆ 4 ಸಂಪುಟ ಮುಗಿದಿದೆ. 2014ರಿಂದ ಆನ್‌ಲೈನ್‌ನಲ್ಲಿ ಪುಕ್ಕಟೆ. ವಿವರಣೆ ಅಲ್ಲಿನ ಭಾಷೆ ವೆಲ್ಷ್‌ನಲ್ಲಿ, ಪಕ್ಕದಲ್ಲೇ ಇಂಗ್ಲಿಷ್ ಅರ್ಥ, ಜೊತೆಗೆ ಹಳೆಯ ಪ್ರಯೋಗಗಳು ಇಸವಿ ಸಮೇತ.

‘ವೆಲ್ಷ್’ ಅನ್ನೋದು ಇಂಗ್ಲಿಷರು ಇಟ್ಟ ಹೆಸರು, ಮೂಲದಲ್ಲಿ ‘ಪರದೇಶಿ’ ಅಂತ. ವಾಲ್‌ನಟ್‌ನ ‘ವಾಲ್’ ಕೂಡ ಅದೇ, ನಮ್ಮ ಸೀಮೆಬದನೆ, ಸೀಮೆಎಣ್ಣೆ ಇದ್ದ ಹಾಗೆ. ಅವರು ತಮ್ಮನ್ನು ಕರೆದುಕೊಳ್ಳೋದು ಕಮ್ರಿ ಅಂತ: ಒಂದೇ ನೆಲದವರು, ನಮ್ಮ ಸೀಮೆಯವರು. ತಮಾಷೆ ನೋಡಿ, ಕನ್ನಡದಲ್ಲಿ ಸೀಮೆ ಎನ್ನುವ ಒಂದೇ ಪದ ಎರಡೂ ಕಡೆ ದುಡಿಯುತ್ತೆ. ದೇಶದ ಹೆಸರೂ ಕಮ್ರಿಯೇ. ಉಚ್ಚಾರ ಒಂದೇ, ವೆಲ್ಷ್‌ನಲ್ಲಿ ಬರೆಯುವಾಗ ಕೊನೆಯ ಅಕ್ಷರ ಮಾತ್ರ ಬೇರೆ.

ಹುಡುಕುವಾಗ ಒಂದು ಎಚ್ಚರ. ರಸ್ತೆ ಬೋರ್ಡಿನಲ್ಲಿ ‘ಕ್ರೋಯ್ಸೊ ಇ ಗಮ್ರಿ’ ಅಂತ ಸ್ವಾಗತ ಇರುತ್ತೆ. ಅದನ್ನು ಗಕಾರದಲ್ಲಿ ಹುಡುಕಿ ನಾನು ಅರ್ಧ ಗಂಟೆ ಕಳೆದೆ. ಅದು ಕಮ್ರಿಯೇ! ಮಳೆ, ಕಾಲ ಸೇರಿ ಮಳೆಗಾಲ ಆಗಲ್ವಾ, ಹಾಗೇ ಇಲ್ಲೂ ಕ, ತ, ಪ ಹೋಗಿ ಗ, ದ, ಬ ಬರುತ್ತೆ. ಶಾಲೆಯಲ್ಲಿ ಬೈಸಿಕೊಂಡು ಕಲಿತ ಆದೇಶ ಸಂಧಿ ಕಾರ್ಡಿಫ್‌ನಲ್ಲಿ ಕೆಲಸಕ್ಕೆ ಬರುತ್ತೆ ಅಂತ ಯಾರು ಅಂದುಕೊಂಡಿದ್ದರು.

ಪ್ರಯೋಗದಲ್ಲೂ ಸೂಕ್ಷ್ಮ ಇದೆ. ವೆಲ್ಷ್ ಮಾತಾಡುವವನು ‘ಕಮ್ರೊ ಕಮ್ರೈಗ್’, ಭಾಷೆ ಬಾರದವನು ‘ಕಮ್ರೊ ದಿ-ಗಮ್ರೈಗ್’. ಇಬ್ಬರೂ ಕಮ್ರೊಗಳೇ. ವೆಲ್ಷ್ ಜನಕ್ಕಿರುವ ‘ಟ್ಯಾಫಿ’ ಅನ್ನೋ ಅಡ್ಡಹೆಸರು ಮಾತ್ರ ನೀವು ಬಳಸಬೇಡಿ. ದಾವಿದ್ ಅನ್ನೋ ಹೆಸರಿಂದ ಬಂದದ್ದು ಅಂತಾರೆ, ಆದರೆ ಹೊರಗಿನವರು ಅಂದರೆ ಬೈದ ಹಾಗೇ ಕೇಳುತ್ತೆ.

ಮಾತಾಡೋಕೆ ಕಲಿಯುವವರಿಗೆ ಈ ನಿಘಂಟೊಂದೇ ಸಾಲದು, ಅದರಲ್ಲಿ ಸಂಕ್ಷೇಪ ಗುರುತುಗಳೂ ಜಾಸ್ತಿ. ಪದದ ಬೆನ್ನು ಹತ್ತುವ ಚಾಳಿ ಇದ್ದರೆ 5ಕ್ಕೆ 5. ಅಜ್ಜಿಗೂ ತೋರಿಸಿದೆ. ಚಹಾ ಆರಿಹೋಯಿತು, ಅವರು ಫೋನ್ ವಾಪಸ್ ಕೊಡಲಿಲ್ಲ.