ಕಡಲಿಂದ ಕಿತ್ತು ತಂದ ಅನಿಮೋನ್: ಬುಡ ನೋಡದೆ ಕೊಳ್ಳಬೇಡಿ

"ಬಬಲ್ ಟಿಪ್" ಅಂತ ಹೇಳಿ ಮಾರಿದ ಒಂದು ಬಿಳಿ ಸೀ ಅನಿಮೋನ್ (ಹೂವಿನಂತೆ ಕಾಣುವ, ಕುಟುಕುವ ಕಡಲ ಪ್ರಾಣಿ) ನನ್ನ ಉಪ್ಪುನೀರಿನ ಟ್ಯಾಂಕನ್ನು ಒಂದೇ ರಾತ್ರಿಯಲ್ಲಿ ಹಾಳುಮಾಡಿತು. ಕಡಲಿಂದ ಕಿತ್ತು ನೇರ ಮಾರಾಟಕ್ಕೆ ತಂದದ್ದು. ಹೀಗೆ ಮಾರುವವರು ಇನ್ನೂ ಇದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ.

ಆ ಹಾಲುಬಿಳಿ ಮೈಯನ್ನು "ಅಪರೂಪದ ಬಣ್ಣ" ಅಂದಿದ್ದರು. ಕ್ಲೌನ್ ಮೀನು ವಾಸಿಸುವ ಅನಿಮೋನ್‌ಗಳ ಮೈಯೊಳಗೆ ಸೂಕ್ಷ್ಮ ಪಾಚಿ ಇರುತ್ತದೆ. ಅದು ಬೆಳಕಿನಿಂದ ತಯಾರಿಸಿದ ಆಹಾರದಲ್ಲಿ ಅನಿಮೋನ್‌ಗೂ ಪಾಲು ಸಿಗುತ್ತದೆ, ಕಂದು ಛಾಯೆ ಬರುವುದೂ ಅದರಿಂದಲೇ. ಸಾಗಾಟದ ಕತ್ತಲು, ಬಿಸಿಗೆ ಪಾಚಿ ಹೊರಬಿದ್ದರೆ ಮೈ ಬೆಳ್ಳಗಾಗುತ್ತದೆ, ಪ್ರಾಣಿ ಉಪವಾಸ ಬೀಳುತ್ತದೆ. ಕಣ್ಣು ಕುಕ್ಕುವ ಹಳದಿ ಕಂಡರಂತೂ ಇನ್ನೂ ಹುಷಾರಾಗಿರಿ, ಬಣ್ಣದಲ್ಲಿ ಅದ್ದಿ ಮಾರುವುದೂ ನಡೆಯುತ್ತದೆ.

ಹೆಸರೂ ಸುಳ್ಳೇ. ಬಬಲ್ ಟಿಪ್, ಅಂದರೆ ಎಂಟಕ್ಮಿಯಾ ಕ್ವಾಡ್ರಿಕಲರ್, ಇದರ ಕಾಂಡ ನುಣುಪು. ಕುಟುಕುವ ಎಳೆಗಳ ತುದಿಯ ಗುಳ್ಳೆಯನ್ನೇ ನಂಬಿದರೆ ಆಗದು, ಅದು ಬರುತ್ತದೆ, ಹೋಗುತ್ತದೆ. ನನಗೆ ಸಿಕ್ಕಿದ್ದರ ಕಾಂಡದ ಮೇಲ್ಭಾಗದಲ್ಲಿ ಸಾಲುಸಾಲು ಅಂಟುಗಂಟುಗಳಿದ್ದವು, ಒಂದೊಂದಕ್ಕೂ ಮರಳಿನ ಕಣ ಮೆತ್ತಿಕೊಂಡಿತ್ತು. ಅದು ಮರಳಲ್ಲಿ ಬುಡ ಹೂತು ಬದುಕುವ ಹೆಟೆರಾಕ್ಟಿಸ್ ಜಾತಿ. ಬಬಲ್ ಟಿಪ್ ಆದರೋ ಬಂಡೆಯ ಸಂದಿಯಲ್ಲಿ ಪಾದ, ಅಂದರೆ ಬುಡ, ಊರುತ್ತದೆ. ಒಂದರ ಹೆಸರಲ್ಲಿ ಇನ್ನೊಂದನ್ನು ಕೊಟ್ಟರೆ ಅದಕ್ಕೆ ಸಿಗುವ ಜಾಗವೇ ತಪ್ಪಾಗುತ್ತದೆ, ಜಾಗ ಒಗ್ಗದ ಅನಿಮೋನ್ ನಡೆಯಲು ಶುರುಮಾಡುತ್ತದೆ.

ಲೈಟ್ ಆರಿದ ಮೇಲೆ ಅದು ತೆವಳಿ ಅಲೆ ಎಬ್ಬಿಸುವ ಪಂಪ್, ಅಂದರೆ ವೇವ್‌ಮೇಕರ್‌ಗೆ ಸಿಕ್ಕಿಕೊಂಡಿತು. ಬೆಳಗ್ಗೆ ನೀರು ಮಬ್ಬಾಗಿತ್ತು, ಮುಚ್ಚಳ ತೆಗೆದರೆ ಕೊಳೆತ ವಾಸನೆ. ಕುಟುಕುವ ಚೂರುಗಳು ಟ್ಯಾಂಕ್ ತುಂಬಾ ತೇಲುತ್ತಿದ್ದವು, ಮೀನಿಗೆ ವಿಷವಾದ ಅಮೋನಿಯಾ ಏರಿತ್ತು. ಕ್ಲೌನ್ ಜೋಡಿ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನೀರು ಬದಲಿಸಿ, ನೀರಿನ ಕೊಳೆ ಹೀರುವ ಆಕ್ಟಿವೇಟೆಡ್ ಕಾರ್ಬನ್ ಹಾಕಿದರೂ ಎರಡೂ ಉಳಿಯಲಿಲ್ಲ. ಪಂಪಿನಿಂದ ಬಿಡಿಸಿದಾಗ ಪಾದದಲ್ಲಿ ನೆಟ್ಟಗಿನ ಹಳೆಯ ಸೀಳೊಂದು ಕಂಡಿತು, ಅಂಚು ಆಗಲೇ ಕಪ್ಪಿಟ್ಟಿತ್ತು. ಬಂಡೆಯಿಂದಲೋ ಮರಳಡಿಯ ಕಲ್ಲಿನಿಂದಲೋ ಚೂಪಾದ ಉಪಕರಣ ಹಾಕಿ ಎಬ್ಬಿಸಿದ ಗಾಯದಂತಿತ್ತು.

ಮಾರಿದವರನ್ನು ಕೇಳಿದರೆ "ವಯಸ್ಸಾಗಿತ್ತೇನೋ" ಅಂದರು. ಈ ಮಾತು ನಂಬಲೇಬೇಡಿ. ಸ್ಕಾಟ್ಲೆಂಡಿನ ನಿಸರ್ಗತಜ್ಞ ಜಾನ್ ಡ್ಯಾಲಿಯೆಲ್ 1828ರಲ್ಲಿ ತೀರದಿಂದ ತಂದ ಅನಿಮೋನ್ ಒಂದು, ಅವರು ತೀರಿಕೊಂಡ ಮೇಲೂ ಬೇರೆಯವರ ಆರೈಕೆಯಲ್ಲಿ, ಗಾಜಿನ ಜಾಡಿಯಲ್ಲೇ 1887ರವರೆಗೆ ಬದುಕಿತ್ತು.

ಕೊಳ್ಳುವ ಮುಂಚೆ ಬಾಯಿ ಬಿಗಿಯಾಗಿ ಮುಚ್ಚಿದೆಯೇ, ಪಾದ ಗಾಜನ್ನೋ ಕಲ್ಲನ್ನೋ ಗಟ್ಟಿಯಾಗಿ ಹಿಡಿದಿದೆಯೇ ನೋಡಿ. ಪಾದ ಕಾಣದಿದ್ದರೆ ತೋರಿಸಿ ಅನ್ನಿ, ತೋರಿಸದಿದ್ದರೆ ಬಿಟ್ಟುಬನ್ನಿ. ಟ್ಯಾಂಕಿನಲ್ಲೇ ಎರಡಾಗಿ ಸೀಳಿಕೊಂಡು ಬೆಳೆದ ಬಬಲ್ ಟಿಪ್ ಸಿಗುತ್ತದೆ, ನನ್ನ ಮಟ್ಟಿಗೆ ಕೊಳ್ಳುವುದಾದರೆ ಅದೊಂದೇ. ವೇವ್‌ಮೇಕರ್‌ಗೆ ಜಾಲರಿ ಕಟ್ಟಿ. ಹೊಸ ಟ್ಯಾಂಕಿಗಂತೂ ಬೇಡವೇ ಬೇಡ, ಕನಿಷ್ಠ ಆರು ತಿಂಗಳು ಹಳತಾಗಲಿ.

ಜಾತಿ ಗೊತ್ತಿಲ್ಲದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮರದ ಕೊಂಬೆಯಂತೆ ಕವಲೊಡೆದ ಆಕ್ಟಿನೋಡೆಂಡ್ರಾನ್ ಅನಿಮೋನ್ ವಿಪರೀತ ಉರಿ ತರುತ್ತದೆ. ಪಾಚಿಯಂತೆ ಕಾಣುವ ಫಿಲ್ಲೋಡಿಸ್ಕಸ್ ಸೆಮೋನಿ ಕುಟುಕಿ ಕಿಡ್ನಿ ಕೆಟ್ಟವರಿದ್ದಾರೆ. ತಂದದ್ದು ಬದುಕಲಾರದು ಅನಿಸಿದರೂ ಕಡಲಿಗೆ ವಾಪಸ್ ಬಿಡಬೇಡಿ, ಟ್ಯಾಂಕಿನ ರೋಗ, ಪರಜೀವಿಗಳೂ ಅದರ ಜೊತೆ ಹೋಗುತ್ತವೆ.