ಅಗ್ಗದ ಮೂರು ರೈಫಲ್, ಒಂದೇ ಪೆಟ್ಟಿಗೆ ತೋಟಾ

ನಮ್ಮ ಮನೆಯಲ್ಲಿ ಕೋವಿಗೆ ಎಷ್ಟು ಕೊಟ್ಟಿರಿ ಅಂತ ಯಾರೂ ಕೇಳುತ್ತಿರಲಿಲ್ಲ. ಅದು ಅಜ್ಜನದು, ಅಷ್ಟೇ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂದಾಗ ಒರೆಸಿ ಎಣ್ಣೆ ಹಚ್ಚಿ, ನಳಿಗೆಯ ಬಾಯಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸುವುದು, ಆಮೇಲೆ ಮೈದಾನಕ್ಕೆ ಹೋಗಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹುಟ್ಟಿದವನು ನಾನು, ಕೊಡಗಿನಲ್ಲಿ ತೆಂಗಿನಕಾಯಿ ಬಿಟ್ಟು ಬೇರೇನನ್ನೂ ಹೊಡೆದಿಲ್ಲ.

ಈಗ ಇರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಇಲ್ಲಿ ನವೆಂಬರ್‌ನಲ್ಲಿ ಒಂಬತ್ತು ದಿನ ಜಿಂಕೆ ಬೇಟೆಯ ಕಾಲ. ಆಫೀಸು ಅರ್ಧ ಖಾಲಿ. ಗ್ರೀನ್ ಕಾರ್ಡ್ ಬಂತು, ಬೇಟೆಯ ಸುರಕ್ಷತೆ ಕೋರ್ಸ್ ಮುಗಿಸಿದೆ, ಲೈಸೆನ್ಸ್ ತೆಗೆದುಕೊಂಡೆ. ಉಳಿದದ್ದು ರೈಫಲ್. ಅಂಗಡಿಯಲ್ಲಿ 400ರಿಂದ 550 ಡಾಲರ್‌ ಒಳಗೆ ಒಂದು ಸಾಲೇ ನಿಂತಿತ್ತು. ನನ್ನ ಫೋನಿಗಿಂತ ಅಗ್ಗ! ಅದೇ ಅನುಮಾನಕ್ಕೆ ಕಾರಣ ಆಯ್ತು.

ಅದಕ್ಕೆ ಕೊಳ್ಳುವ ಮೊದಲು ಮೂರನ್ನು ಹೊಡೆದು ನೋಡಿದೆ. ಸಹೋದ್ಯೋಗಿಯ ರೂಗರ್ ಅಮೆರಿಕನ್ (ಮೊದಲ ತಲೆಮಾರಿನದು), ಅವನ ಭಾವನ ಸ್ಯಾವೇಜ್ ಆಕ್ಸಿಸ್ 2, ಮತ್ತೆ ಪಕ್ಕದ ಬೀದಿಯವರು ಮಾರಲು ಇಟ್ಟಿದ್ದ ಇನ್ನೊಂದು. ಆ ಮೂರನೆಯದರ ಹೆಸರು ಹೇಳುವುದಿಲ್ಲ. ಯಾರೋ ಬಳಸಿದ ಒಂದೇ ಒಂದು ಕೋವಿ ನೋಡಿ ಕಂಪನಿಯನ್ನು ಬೈಯುವುದು ನ್ಯಾಯ ಅಲ್ಲ. ಮೂರೂ 308 ವಿಂಚೆಸ್ಟರ್ ಅನ್ನುವ ಅಳತೆಯ ತೋಟಾ ಹೊಡೆಯುವವು. ಮೂರಕ್ಕೂ ಒಂದೇ ಪೆಟ್ಟಿಗೆಯ 150 ಗ್ರೇನ್ ತೋಟಾ, 100 ಗಜ ದೂರ, ಮರಳು ಚೀಲದ ಆಸರೆ.

ಕಾಗದದ ಮೇಲೆ ಜಗಳವೇ ಇಲ್ಲ. ಸ್ಯಾವೇಜ್‌ನ ಮೂರು ತೂತು ಒಂದು ಇಂಚಿನೊಳಗೆ ಕೂತವು. ರೂಗರ್ ಒಂದೂಕಾಲು ಇಂಚು. ಮೂರನೆಯದು ಒಂದೂವರೆ. ಜಿಂಕೆಯ ಎದೆಯಲ್ಲಿ ಗುರಿ ಇಡುವ ಜಾಗ ಊಟದ ತಟ್ಟೆಯಷ್ಟು ದೊಡ್ಡದು, ಹಾಗಾಗಿ ಈ ಕಾಲು ಇಂಚಿನ ಲೆಕ್ಕ ಸುಮ್ನೆ ಹರಟೆಗೆ.

ಇಷ್ಟು ಕಡಿಮೆಗೆ ಇಷ್ಟು ನೇರ ಹೇಗೆ? ಕೈಕೆಲಸ ಕಡಿಮೆ ಮಾಡಿದ್ದಾರೆ, ಕಬ್ಬಿಣದಲ್ಲಿ ಮೋಸ ಮಾಡಿಲ್ಲ. ಸ್ಯಾವೇಜ್ ನೋಡಿ, ನಳಿಗೆಯ ಬುಡದಲ್ಲಿ ದಪ್ಪ ನಟ್ ಒಂದು ಕಾಣುತ್ತದೆ. ನಳಿಗೆಯನ್ನು ಅಳತೆಗೋಲು ಮುಟ್ಟುವ ತನಕ ತಿರುಗಿಸಿ ಆ ನಟ್ ಬಿಗಿದರೆ ಮುಗೀತು. ಗಂಟೆಗಟ್ಟಲೆ ಅರ ಹಾಕಿ ಕೂರಿಸುವ ಮೇಸ್ತ್ರಿ ಬೇಕಿಲ್ಲ. ಅವರು 1958ರಲ್ಲಿ 110 ಮಾಡೆಲ್ ತಂದಾಗಿನ ಉಪಾಯ ಅದು. ಒಳಗಿನ ಸುರುಳಿ ಗೆರೆ ಮೂಡಿಸಲು ಅವರು ನಳಿಗೆಯೊಳಗೆ ಗಟ್ಟಿ ಗುಂಡಿಯೊಂದನ್ನು ಎಳೆಯುತ್ತಾರೆ. ರೂಗರ್‌ನವರು ಸರಳಿನ ಮೇಲೆ ನಳಿಗೆ ತೂರಿಸಿ ಹೊರಗಿನಿಂದ ಸುತ್ತಿಗೆಯಲ್ಲಿ ಬಡಿಯುತ್ತಾರೆ. ಎರಡೂ ಯಂತ್ರದ ಕೆಲಸ, ಎರಡೂ ಚೆನ್ನಾಗಿವೆ.

ವ್ಯತ್ಯಾಸ ಗೊತ್ತಾಗುವುದು ಕೈಗೆ. ಮೊದಲು ಬೋಲ್ಟ್, ಅಂದರೆ ಹಿಡಿ ಎತ್ತಿ ಎಳೆದು ತೋಟಾ ಒಳಗೆ ತಳ್ಳಿ ಬೀಗ ಹಾಕುವ ಸರಳು. ರೂಗರ್‌ನ ಬೋಲ್ಟ್ ಎತ್ತಲು 70 ಡಿಗ್ರಿ ಸಾಕು, ಬೀಗ ಕಚ್ಚುವ ಮೂರು ಹಲ್ಲಿನದು. ಸ್ಯಾವೇಜ್ ಎರಡು ಹಲ್ಲಿನದು, 90 ಡಿಗ್ರಿ ಎತ್ತಬೇಕು. ನಾನು ಕಲಿತದ್ದು ದೊಡ್ಡಪ್ಪನ ಇಶಾಪುರ ಕಾರ್ಖಾನೆಯ 315 ರೈಫಲ್‌ನಲ್ಲಿ. ಅದರದು ಲೀ-ಎನ್‌ಫೀಲ್ಡ್ ತರದ ಬೋಲ್ಟ್, 60 ಡಿಗ್ರಿ, ಬೆಣ್ಣೆ ಹಾಗೆ. ಹಾಗಾಗಿ ನನ್ನ ಕೈ ರೂಗರ್ ಕಡೆಗೇ ವಾಲಿತು, ಒಪ್ಪಿಕೊಳ್ಳುತ್ತೇನೆ. ದಪ್ಪ ಕೈಗವಸು ಹಾಕಿಕೊಂಡಾಗ ಬೋಲ್ಟಿನ ಹಿಡಿಗೂ ಸ್ಕೋಪಿಗೂ (ಗುರಿ ನೋಡುವ ದುರ್ಬೀನು) ನಡುವಿನ ಜಾಗ ಮುಖ್ಯ ಆಗುತ್ತದೆ. ಇನ್ನು ನುಣುಪು ಕೇಳಬೇಡಿ. ಈ ಬೆಲೆಯ ಯಾವ ಬೋಲ್ಟೂ ಫಿನ್‌ಲ್ಯಾಂಡಿನ ಟಿಕ್ಕಾ ರೈಫಲ್‌ನದರಂತೆ ಜಾರುವುದಿಲ್ಲ. ಹಲ್ಲಿನ ಹಿಂಬದಿಗೆ ಚಿಟಿಕೆ ಗ್ರೀಸ್ ಹಚ್ಚಿ, ಟಿವಿ ನೋಡುತ್ತಾ ಖಾಲಿ ಕೋವಿಯ ಬೋಲ್ಟನ್ನು ಇನ್ನೂರು ಸಲ ಎಳೆದರೆ ಅರ್ಧ ಸರಿಹೋಗುತ್ತದೆ. ಹೆಂಡತಿ ಎದ್ದು ಹೋಗುತ್ತಾಳೆ, ಅದು ಬೇರೆ ಮಾತು.

ಟ್ರಿಗರ್ ಎಳೆಯಲು ಎಷ್ಟು ಬಲ ಬೇಕು ಅಂತ ತೂಗಲು ನನ್ನ ಹತ್ತಿರ ತಕ್ಕ ಸಾಧನ ಇರಲಿಲ್ಲ. ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಇತ್ತಲ್ಲ, ಅದನ್ನೇ ದಾರ ಕಟ್ಟಿ ಎಳೆದೆ. ಸ್ಯಾವೇಜ್ 1.2 ಕೆಜಿ. ರೂಗರ್ 1.7. ಮೂರನೆಯದು 2.8, ಅದೂ ನಡುವೆ ಎರಡು ಕಡೆ ತಡೆದು ತಡೆದು. ಇಲ್ಲಿ ಸ್ಯಾವೇಜ್ ಗೆದ್ದಿತು, ಅನುಮಾನವೇ ಇಲ್ಲ. ಅದರ ಆಕ್ಯುಟ್ರಿಗರ್ ಅನ್ನುವ ಟ್ರಿಗರ್‌ನ ನಡುವಿನ ತೆಳು ನಾಲಿಗೆ ಒತ್ತಿದ ಮೇಲೆ ಗಾಜಿನ ಕಡ್ಡಿ ಮುರಿದ ಹಾಗೆ ಬಿಡುತ್ತದೆ. ಬರಿ ಆಕ್ಸಿಸ್‌ಗೆ ಇದು ಇಲ್ಲ, ಆಕ್ಸಿಸ್ 2 ಅಂತಲೇ ಕೇಳಿ ಕೊಳ್ಳಿ. ರೂಗರ್‌ನದನ್ನೂ ಸುಮಾರು 3ರಿಂದ 5 ಪೌಂಡ್ (1.4ರಿಂದ 2.3 ಕೆಜಿ) ನಡುವೆ ನಾವೇ ಹೊಂದಿಸಿಕೊಳ್ಳಬಹುದು.

ಸ್ಟಾಕ್, ಅಂದರೆ ಹಿಂದೆಲ್ಲ ಮರದ್ದಿರುತ್ತಿದ್ದ ಹಿಡಿ ಭಾಗ, ಎಲ್ಲದರಲ್ಲೂ ಪ್ಲಾಸ್ಟಿಕ್. ಅದಕ್ಕೊಂದು ಪರೀಕ್ಷೆ ಇದೆ. ಒಂದು ಡಾಲರ್ ನೋಟನ್ನು ನಳಿಗೆಗೂ ಸ್ಟಾಕಿಗೂ ನಡುವೆ ತೂರಿಸಿ ಹಿಂದಕ್ಕೆ ಎಳೆಯಿರಿ. ಎಲ್ಲೂ ಸಿಕ್ಕದೆ ಬುಡದವರೆಗೆ ಹೋಗಬೇಕು. ರೂಗರ್, ಸ್ಯಾವೇಜ್ ಎರಡರಲ್ಲೂ ಸಲೀಸಾಗಿ ಹೋಯಿತು. ಮೂರನೆಯದರಲ್ಲಿ ಎಡಗಡೆ ನೋಟು ಕಚ್ಚಿಕೊಂಡಿತು. ಐದಾರು ಈಡು ಹೊಡೆದು ನಳಿಗೆ ಬಿಸಿಯಾದ ಮೇಲೆ ಅದರ ಗುಂಡು ಮೆಲ್ಲಗೆ ಬಲಕ್ಕೆ ನಡೆದದ್ದು ಅದಕ್ಕೇ ಇರಬೇಕು. ರೂಗರ್‌ನಲ್ಲಿ ಸ್ಟಾಕಿನೊಳಗೆ ಎರಡು ಲೋಹದ ತುಂಡು ಕೂರಿಸಿ ಯಂತ್ರಭಾಗವನ್ನು ಕಚ್ಚಿ ಹಿಡಿಸಿದ್ದಾರೆ. ಕಾಣದ ಜಾಗದಲ್ಲಿ ಕಾಸು ಹಾಕಿದ್ದಾರಲ್ಲ, ಅದು ನನಗೆ ಹಿಡಿಸಿತು.

ಮ್ಯಾಗಜೀನ್ (ತೋಟಾ ತುಂಬಿ ಕೆಳಗಿನಿಂದ ಸಿಕ್ಕಿಸುವ ಡಬ್ಬಿ) ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಕೊನೆಯ ಶನಿವಾರ, ಮೈನಸ್ 6 ಡಿಗ್ರಿ. ಮೂರನೆಯದನ್ನು ಹೆಗಲಿಗೆ ಹಾಕಿಕೊಂಡು ಕಾರಿನಿಂದ ಮೇಜಿನವರೆಗೆ ನಡೆದೆ, ನೂರು ಹೆಜ್ಜೆ ಇರಬಹುದು. ಬಂದು ನೋಡಿದರೆ ಮ್ಯಾಗಜೀನ್ ಇಲ್ಲ. ಸೊಂಟದ ಬೆಲ್ಟಿಗೆ ಉಜ್ಜಿ ಚಿಲಕ ಬಿಟ್ಟುಕೊಂಡಿತ್ತು. ಹಿಮದಲ್ಲಿ ಬಗ್ಗಿ ಹುಡುಕುತ್ತಿದ್ದಾಗ ಒಬ್ಬ ಅಜ್ಜ ಬಂದು, ಏನೂ ಕೇಳದೆ, ತನ್ನ ಜೇಬಿನಿಂದ ರಬ್ಬರ್ ಬ್ಯಾಂಡ್ ತೆಗೆದುಕೊಟ್ಟ. ಅವನಿಗೂ ಇದೇ ಆಗಿತ್ತೋ ಏನೋ. ಅಲ್ಲಿಗೆ ಮೂರನೆಯದರ ಕತೆ ಮುಗಿಯಿತು, ಮಾಲೀಕರು 50 ಡಾಲರ್ ಇಳಿಸಿದರೂ ಬೇಡ ಅಂದೆ.

ಉಳಿದ ಎರಡರಲ್ಲಿ ಮೇಜಿನ ಮೇಲೆ ಕೂತು ಗುರಿ ಹೊಡೆಯುವವರಿಗೆ ಸ್ಯಾವೇಜ್. ಸ್ಕೋಪ್ ಕೂರಿಸಿಯೇ ಮಾರುವ ಮಾದರಿಯೂ ಇದೆ, ಹೊಸಬರಿಗೆ ಒಂದು ತಲೆನೋವು ಕಡಿಮೆ. ಮರದ ಮೇಲಿನ ಅಟ್ಟದಲ್ಲಿ ನಾಲ್ಕು ಗಂಟೆ ನಡುಗುತ್ತಾ ಕೂತು, ಸೆಟೆದ ಬೆರಳಲ್ಲಿ ಎರಡನೇ ತೋಟಾ ತುಂಬುವವರಿಗೆ ರೂಗರ್. ನಾನು ಅದನ್ನೇ ಕೊಂಡೆ. ಸ್ಯಾವೇಜ್‌ನ ಟ್ರಿಗರ್ ಈಗಲೂ ನೆನಪಾಗುತ್ತದೆ.

ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ತಿರುಗಿಸಿ ತಿರುಗಿಸಿ ತೋರಿಸು ಅಂದರು. ಹತ್ತಿರ ಹಿಡಿದೆ.

"ಮರವೇ ಇಲ್ವಲ್ಲೋ ಇದ್ರಲ್ಲಿ. ಕೈಲ್‌ಪೊಳ್ದ್‌ಗೆ ಎಣ್ಣೆ ಎಲ್ಲಿಗೆ ಹಚ್ತೀಯ?"

"ಬೋಲ್ಟಿಗೆ ಅಪ್ಪ, ಅದು ಜಾಸ್ತಿನೇ ಕುಡಿಯುತ್ತೆ" ಅಂದೆ.