ಡಿಓ ಪ್ರೋಬ್: ಹಳೆಯದಾ, ಆಪ್ಟಿಕಲ್ಲಾ? ಉಡುಪಿಯ ಒಂದು ಮಳೆಗಾಲದ ಅನುಭವ

ಡಿಓ ಅಂದರೆ ದ್ರವದಲ್ಲಿ ಕರಗಿದ ಆಕ್ಸಿಜನ್, ಅದನ್ನು ಅಳೆಯುವ ಸಾಧನ ಡಿಓ ಪ್ರೋಬ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬೆಳಕಿನಿಂದ ಅಳೆಯುವ ಆಪ್ಟಿಕಲ್ ಪ್ರೋಬ್‌ಗೆ. ಹಳೆಯ ಪ್ರೋಬ್, ಗ್ಯಾಸ್ ಅನಲೈಸರ್ ಎರಡನ್ನೂ ಬಳಸಿ, ಬೈದು, ಒಂದಿಡೀ ಬ್ಯಾಚ್ ಕಳೆದುಕೊಂಡ ಮೇಲೆ ಬಂದ ತೀರ್ಮಾನ ಇದು.

ಉಡುಪಿಯ ನಮ್ಮ ಲ್ಯಾಬ್‌ನಲ್ಲಿ 2 ಲೀಟರಿನ ಬಯೋರಿಯಾಕ್ಟರ್, ಅಂದರೆ ಜೀವಕೋಶ ಬೆಳೆಸುವ ಪಾತ್ರೆ, ಇದೆ. ಅದರಲ್ಲಿ ಎಸ್‌ಎಫ್9 ಕೋಶ ಬೆಳೆಸುತ್ತೇವೆ. 2018ರಲ್ಲಿ ಶಿವಮೊಗ್ಗ ಕಡೆ ಮೆಕ್ಕೆಜೋಳಕ್ಕೆ ಬಿದ್ದು ರೈತರ ನಿದ್ದೆ ಕೆಡಿಸಿದ ಸೈನಿಕ ಹುಳು ಉಂಟಲ್ಲ, ಅದರದೇ ಕೋಶ. ನಮ್ಮ ಮಾವನ ಹೊಲ ತಿಂದ ಹುಳುವಿಗೆ ನಾನಿಲ್ಲಿ ದುಬಾರಿ ಮೀಡಿಯಂ (ಕೋಶಗಳ ಆಹಾರದ ದ್ರವ) ಕುಡಿಸುತ್ತಿದ್ದೇನೆ. ಕೊರೊನಾಕ್ಕೆ ಬಂದ ಕೊವೊವ್ಯಾಕ್ಸ್ ಲಸಿಕೆಯ ಪ್ರೋಟೀನ್ ತಯಾರಾದದ್ದು ಇದೇ ಕೋಶಗಳಲ್ಲಿ ಅಂದರೆ ಮಾವ ಇನ್ನೂ ನಂಬಿಲ್ಲ.

ಪ್ರೋಟೀನ್ ಮಾಡಿಸಲು ಬ್ಯಾಕ್ಯುಲೋವೈರಸ್ (ಹುಳುಗಳಿಗೆ ತಗಲುವ ವೈರಸ್) ಹಾಕಿದ ಮೇಲೆ ಈ ಕೋಶಗಳು ಜಾಸ್ತಿ ಆಕ್ಸಿಜನ್ ಎಳೆಯುತ್ತವೆ. ಸಾಯುತ್ತಾ ಬಂದ ಹಾಗೆ ಕಡಿಮೆ ಮಾಡುತ್ತವೆ. ಈ ಏರಿಳಿತ ಕಂಡರೆ ಸೋಂಕು ಎಲ್ಲಿಗೆ ಬಂತು, ಯಾವಾಗ ಹಾರ್ವೆಸ್ಟ್ ಮಾಡಬೇಕು ಅನ್ನುವುದು ಗೊತ್ತಾಗುತ್ತದೆ. ಅಳೆಯುವ ದಾರಿ ಸುಲಭ. ಗಾಳಿ ನಿಲ್ಲಿಸಿ, ಡಿಓ ಎಷ್ಟು ಬೇಗ ಇಳಿಯುತ್ತದೆ ನೋಡಿ, ಗಾಳಿ ಪುನಃ ಬಿಡುವುದು. ಮಿಲಿಲೀಟರಿಗೆ 40 ಲಕ್ಷ ಕೋಶ ಇದ್ದಾಗ ನಮ್ಮಲ್ಲಿ ಡಿಓ 60ರಿಂದ 30 ಶೇಕಡಾಕ್ಕೆ (ಗಾಳಿಯಿಂದ ಕರಗುವಷ್ಟೂ ಕರಗಿದ್ದರೆ 100) ಇಳಿಯಲು ಸುಮಾರು 4 ನಿಮಿಷ ಸಾಕು. ಇನ್ನೂ ಕೆಳಗೆ ಇಳಿಸಿ ಕೋಶಗಳ ಉಸಿರು ಕಟ್ಟಿಸುವುದು ಬೇಡ.

ಮೊದಲು ಇದ್ದದ್ದು ಹಳೆಯ ಕ್ಲಾರ್ಕ್ ಮಾದರಿಯ ಪ್ರೋಬ್. ತುದಿಗೆ ಮೆಂಬ್ರೇನ್, ಒಳಗೆ ಎಲೆಕ್ಟ್ರೋಲೈಟ್. ಅಳತೆಯಲ್ಲಿ ದೊಡ್ಡ ತಕರಾರಿಲ್ಲ. ಸ್ವಲ್ಪ ನಿಧಾನ, ಹಾಗಾಗಿ ಗಾಳಿ ನಿಲ್ಲಿಸಿದ ಮೊದಲ ಒಂದು ನಿಮಿಷದ ಅಂಕಿ ಬಿಟ್ಟೇ ಸ್ಲೋಪ್, ಅಂದರೆ ಇಳಿಕೆಯ ವೇಗ, ತೆಗೆಯುತ್ತಿದ್ದೆ. ತಕರಾರು ಬೇರೆ ಕಡೆ ಇತ್ತು. ಈ ಪ್ರೋಬ್‌ಗೆ ಯಾವಾಗಲೂ ವೋಲ್ಟೇಜ್ ಸಿಗುತ್ತಲೇ ಇರಬೇಕು. ಅದಕ್ಕೆ ಪೋಲರೈಸೇಷನ್ ಅನ್ನುತ್ತಾರೆ. ಅರ್ಧ ಗಂಟೆಗಿಂತ ಜಾಸ್ತಿ ಕನೆಕ್ಷನ್ ತಪ್ಪಿತೋ, ಪುನಃ ಸರಿಯಾಗಲು 6 ಗಂಟೆ ಬೇಕು. ನಡುವೆ ಸ್ಕ್ರೀನ್ ಮೇಲೆ ಬರುವ ಅಂಕಿಯನ್ನು ನಂಬಿದರೆ ಕೆಟ್ಟಿರಿ.

ಈಗ ಇದನ್ನು ಉಡುಪಿಯ ಜೂನ್ ತಿಂಗಳಿನಲ್ಲಿಟ್ಟು ನೋಡಿ. ಸಂಜೆ ಗುಡುಗು, ಎಲ್ಲೋ ತೆಂಗಿನಮರ ತಂತಿ ಮೇಲೆ ಬಿತ್ತು, ಕರೆಂಟ್ ಹೋಯಿತು. ಯುಪಿಎಸ್ ಇಲ್ವಾ ಅಂತ ಕೇಳುತ್ತೀರಿ. ಇದೆ, 20 ನಿಮಿಷ ಬರುತ್ತದೆ. ಜನರೇಟರ್ ಮೇಲಿನ ಮಹಡಿಯ ಫ್ರೀಜರ್‌ಗಳಿಗೆ ಮಾತ್ರ. ಸೋಂಕು ಹಾಕಿ ಒಂದು ದಿನ ಆಗಿತ್ತು. ಉಸಿರಾಟ ಏರಬೇಕಾದ ಹೊತ್ತು, ನಾನು ಕಾದು ಕೂತಿದ್ದ ಹೊತ್ತು. ಒಂದೂವರೆ ಗಂಟೆ ಕರೆಂಟ್ ಇಲ್ಲ. ಬಂದ ಮೇಲೆ ಡಿಓ 140 ತೋರಿಸಿತು, ಆಮೇಲೆ 110, ಆಮೇಲೆ 90. ಕಂಟ್ರೋಲರ್ ಪಾಪ ಅದನ್ನೇ ನಂಬಿ, ಆಕ್ಸಿಜನ್ ಬೇಕಾದಷ್ಟಿದೆ ಅಂದುಕೊಂಡು ಬಿಡುವುದನ್ನೇ ಕಮ್ಮಿ ಮಾಡಿತು. ನಾನು ಗಮನಿಸುವಷ್ಟರಲ್ಲಿ ತಡವಾಗಿತ್ತು.

ಲ್ಯಾಬ್ ಅಟೆಂಡರ್ ಅಣ್ಣ ಬಾಗಿಲಲ್ಲಿ ನಿಂತು, "ಎಂತ ಮೇಡಂ, ಪುನಃ ಆರು ಗಂಟೆ ಕಾಯ್ಲಿಕ್ಕುಂಟಾ?" ಅಂತ ಕೇಳಿದರು. ಆ ತಿಂಗಳಲ್ಲಿ ಅದು ಮೂರನೇ ಸಲ. ರಾತ್ರಿ ಅಲ್ಲೇ ಉಳಿದೆ. ಮರುದಿನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅರ್ಧಕ್ಕರ್ಧ ಕೋಶ ಟ್ರಿಪಾನ್ ಬ್ಲೂ (ಸತ್ತ ಕೋಶಕ್ಕೆ ಹತ್ತುವ ಬಣ್ಣ) ಕುಡಿದು ನೀಲಿ ಆಗಿದ್ದವು.

ನಡುವೆ ಪಕ್ಕದ ಲ್ಯಾಬ್‌ನವರ ಗ್ಯಾಸ್ ಅನಲೈಸರ್ ಎರಡು ವಾರ ಸಾಲ ತಂದೆವು. ಒಳಗೆ ಹೋಗುವ ಗಾಳಿಯಲ್ಲೂ ಹೊರಗೆ ಬರುವ ಗಾಳಿಯಲ್ಲೂ ಆಕ್ಸಿಜನ್ ಎಷ್ಟಿದೆ ನೋಡಿ ಕಳೆಯುವುದು. ಗಾಳಿ ನಿಲ್ಲಿಸಬೇಕಾಗಿಲ್ಲ, ಇಡೀ ದಿನದ ಗ್ರಾಫ್ ಸಿಗುತ್ತದೆ. ಅವರು ಬೆಳೆಸುವ ಬ್ಯಾಕ್ಟೀರಿಯಾಕ್ಕೆ ಭಾರೀ ಒಳ್ಳೆಯದು. ನಮ್ಮ ಕೋಶ ತಿನ್ನುವುದೇ ಹಕ್ಕಿಯಷ್ಟು. ನಿಮಿಷಕ್ಕೆ ಅರ್ಧ ಲೀಟರ್ ಗಾಳಿ ಬಿಟ್ಟರೆ ಆಕ್ಸಿಜನ್ ಶೇಕಡಾ 20.95 ಇದ್ದದ್ದು 20.8ರ ಆಸುಪಾಸಿಗೆ ಇಳಿಯುತ್ತದೆ, ಅಷ್ಟೇ. ಆದರೆ ಹೊರಬರುವ ಗಾಳಿ 27 ಡಿಗ್ರಿಯಲ್ಲಿ ತೇವ ತುಂಬಿಕೊಂಡು ಬಂದರೆ, ಆ ನೀರಾವಿ ಒಂದೇ ಆಕ್ಸಿಜನ್ನಿನ ಪಾಲನ್ನು 20.2ಕ್ಕೆ ಇಳಿಸುತ್ತದೆ. ಅಂದರೆ ಕೋಶ ತಿಂದದ್ದಕ್ಕಿಂತ ನಾಲ್ಕು ಪಟ್ಟು ಸುಳ್ಳು. ಆ ಗಾಳಿಯನ್ನು ತಣಿಸಿ ತೇವ ತೆಗೆಯುವ ಕಂಡೆನ್ಸರ್ ಒಂಚೂರು ಬೆಚ್ಚಗಾದರೂ ಲೆಕ್ಕ ಢಮಾರ್. ಒಗೆದ ಬಟ್ಟೆಯೇ ಮೂರು ದಿನ ಒಣಗದ ಊರಲ್ಲಿ ಈ ಸಾಹಸ ಸುಮ್ನೆ ಯಾಕೆ? ವಾಪಸ್ ಕೊಟ್ಟೆವು.

ಇನ್ನು ಆಪ್ಟಿಕಲ್. ತುದಿಯ ಕ್ಯಾಪ್‌ನಲ್ಲಿ ಬೆಳಕಿಗೆ ಹೊಳೆಯುವ ಒಂದು ಲೇಪ ಇರುತ್ತದೆ. ಆಕ್ಸಿಜನ್ ಜಾಸ್ತಿ ಇದ್ದಷ್ಟೂ ಆ ಹೊಳಪು ಬೇಗ ಆರುತ್ತದೆ. ಎಲೆಕ್ಟ್ರೋಲೈಟ್ ಇಲ್ಲ, ಪೋಲರೈಸೇಷನ್ ಇಲ್ಲ. ಕರೆಂಟ್ ಬಂದ ಕೂಡಲೇ ಸರಿಯಾದ ಅಂಕಿ. ನನಗೆ ಇಷ್ಟೇ ಸಾಕಿತ್ತು.

ಒಂದು ಕಡೆ ಮಾತ್ರ ಎಡವಿದೆ. ಮೊದಲ ವಾರ ಗ್ರಾಫ್ ಮೆಟ್ಟಿಲು ಮೆಟ್ಟಿಲಾಗಿ ಬರುತ್ತಿತ್ತು. ಪ್ರೋಬ್ ಹಾಳು ಅಂತ ಡೀಲರಿಗೆ ಫೋನು ಮಾಡಿ ಜಗಳವನ್ನೂ ಆಡಿದೆ. ನೋಡಿದರೆ ಕ್ಯಾಪ್ ಸವೆಯದಿರಲಿ ಅಂತ ಅದು 30 ಸೆಕೆಂಡಿಗೊಮ್ಮೆ ಮಾತ್ರ ಬೆಳಕು ಬಿಡುವ ಹಾಗೆ ಸೆಟ್ ಆಗಿತ್ತು. 4 ನಿಮಿಷದ ಇಳಿಕೆಗೆ ಎಂಟೇ ಬಿಂದು! ಈಗ ಅಳೆಯುವ ಹೊತ್ತಿಗೆ 1 ಸೆಕೆಂಡಿಗೆ ಇಳಿಸುತ್ತೇನೆ, ಮುಗಿದ ಮೇಲೆ ಪುನಃ 30. ಡೀಲರಿಗೆ ಕ್ಷಮೆ ಕೇಳಿದ್ದೂ ಆಯಿತು.

ತುದಿಗೆ ಗುಳ್ಳೆ ಅಂಟಿದರೆ ಅಂಕಿ ಕುಣಿಯುವುದು ಎರಡರಲ್ಲೂ ಇದ್ದದ್ದೇ. ಕೋಶ ಕಮ್ಮಿ ಇರುವ ಮೊದಲ ದಿನಗಳಲ್ಲಿ ಡಿಓ ಇಳಿಯಲು ಅರ್ಧ ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಮೇಲಿನ ಖಾಲಿ ಜಾಗದ ಗಾಳಿ ಸದ್ದಿಲ್ಲದೆ ಕರಗುತ್ತಾ ಇರುತ್ತದೆ. ಹಾಗಾಗಿ ಅಲ್ಲಿಗೆ ನೈಟ್ರೋಜನ್ ಬಿಡುತ್ತೇನೆ. ಕೋಶ ಹಾಕುವ ಮೊದಲು ಬರೀ ಮೀಡಿಯಂನಲ್ಲೂ ಒಮ್ಮೆ ಇದೇ ಪರೀಕ್ಷೆ ಮಾಡಿ, ಆ ಅಂಕಿಯನ್ನು ಕಳೆಯುತ್ತೇನೆ.

ಬೆಲೆ? ನಮಗೆ ಸಿಕ್ಕ ಕೊಟೇಷನ್‌ನಲ್ಲಿ ಆಪ್ಟಿಕಲ್ ಹಳೆಯದರ ಎರಡು ಪಟ್ಟು. ಬಜೆಟ್ ಬಿಗಿ ಇದ್ದು, ಇಡೀ ಲ್ಯಾಬ್‌ಗೆ ಜನರೇಟರ್ ಇದ್ದರೆ ಹಳೆಯದನ್ನೇ ತಗೊಳ್ಳಿ. ಮೆಂಬ್ರೇನ್ ಬದಲಿಸುವುದು ಕೈಯಾರೆ ಮಾಡಬಹುದಾದ ಕೆಲಸ, ಖರ್ಚೂ ಕಮ್ಮಿ. ನಾನು ಸಂಜೆ 6ಕ್ಕೆ ಬಸ್ ಹಿಡಿಯುವವಳು, ರಾತ್ರಿ ಕಾವಲು ನನಗಾಗದು. ಆಪ್ಟಿಕಲ್‌ನ ಕ್ಯಾಪ್ ಆಟೋಕ್ಲೇವ್ (ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವುದು) ಆದಷ್ಟೂ ಸವೆಯುತ್ತದೆ, ಹೊಸದು ಬೆಂಗಳೂರಿನಿಂದಲೇ ಬರಬೇಕು. ಮಳೆಗಾಲ ಶುರುವಾಗುವ ಮೊದಲೇ ಎರಡು ತರಿಸಿಟ್ಟುಕೊಳ್ಳಿ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಕೊರಿಯರ್‌ನವನೂ ಬರುವುದಿಲ್ಲ.